ಕಲ್ಯದ ಶಾಸನ, ನನ್ನ ನೋಂದಣಿ

ಕಲ್ಯಕ್ಕೆ ಹೋಗಿ ಬರಲು ನನಗೆ ಒಂದು ದಿನ ಸಾಕಾಯಿತು. ಹೋಗಲು ಅನುಮತಿ ಸಿಗುವುದಕ್ಕೆ 19 ದಿನ ಹಿಡಿಯಿತು. ನಮ್ಮಲ್ಲಿ ಸಂಶೋಧನಾ ವಿದ್ಯಾರ್ಥಿ ದಿನವೂ ವಿಭಾಗಕ್ಕೆ ಬಂದು ಹಾಜರಿ ಪುಸ್ತಕದಲ್ಲಿ ಸಹಿ ಹಾಕಬೇಕು. ಕ್ಷೇತ್ರಕಾರ್ಯಕ್ಕೆ ಹೋಗುವುದಾದರೆ ಮೊದಲೇ ಅರ್ಜಿ ಕೊಡಬೇಕು. ಅರ್ಜಿಗೆ ಮಾರ್ಗದರ್ಶಕರ ಸಹಿ, ಆಮೇಲೆ ವಿಭಾಗದ ಮುಖ್ಯಸ್ಥರ ಸಹಿ, ಆಮೇಲೆ ಆಡಳಿತ ಕಚೇರಿಯ ಮುದ್ರೆ. ನಾನು ಓದುತ್ತಿರುವುದು ಶಾಸನಗಳನ್ನು. ಅವು ಹೊಲದ ಬದುವಿನಲ್ಲಿ, ಗುಡಿಯ ಹಿಂದೆ, ಕೆರೆ ಏರಿಯ ಮೇಲೆ ಇರುತ್ತವೆ. ವಿಭಾಗದಲ್ಲಿ ಇರುವುದು ಹಾಜರಿ ಪುಸ್ತಕ.

ಮಾಗಡಿಯಲ್ಲಿ ಬಸ್ಸಿಳಿದು ಆಟೋ ಹಿಡಿದು ಕಲ್ಯ ತಲುಪಿದಾಗ ಬಿಸಿಲು ಏರಿತ್ತು. ಜಗಲಿಯ ಮೇಲೆ ಕೂತಿದ್ದ ಅಜ್ಜರೊಬ್ಬರು ನನ್ನ ಕೈಯಲ್ಲಿದ್ದ ಫೈಲು ನೋಡಿ, "ಯಾವ ಆಫೀಸಿಂದ ಬಂದಿದ್ದೀಯವ್ವಾ? ಸರ್ವೆಗಾ?" ಎಂದರು.

"ಇಲ್ಲ ತಾತ, ಶಾಸನ ನೋಡೋಕೆ ಬಂದೆ. ಪಿಎಚ್.ಡಿ. ಮಾಡ್ತಿದ್ದೀನಿ."

"ಎಷ್ಟು ವರ್ಷದ ಓದು ಅದು?"

"ಆರು ವರ್ಷ. ಹೆಣ್ಣುಮಕ್ಕಳಿಗೆ ಬೇಕಾದ್ರೆ ಇನ್ನೆರಡು ಕೊಡ್ತಾರೆ."

"ಅಷ್ಟರಲ್ಲಿ ಮುಗೀದಿದ್ರೆ?"

ಇದಕ್ಕೆ ನನ್ನಲ್ಲಿ ಉತ್ತರ ಇತ್ತು, ಆದರೆ ಹೇಳಲು ಮನಸ್ಸಾಗಲಿಲ್ಲ.

ಕಲ್ಯ ಈಗ ಸಣ್ಣ ಊರು. ವಿಜಯನಗರದ ಕಾಲದಲ್ಲಿ ಅದು ಪಟ್ಟಣ. ಕಲ್ಲೇಹ ಎಂಬ ಹೆಸರಿನ ಆ ಪಟ್ಟಣ ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆಗಳ ಜೊತೆ ಒಂದೇ ಉಸಿರಿನಲ್ಲಿ ಹೇಳಿಸಿಕೊಳ್ಳುವಷ್ಟು ದೊಡ್ಡದಾಗಿತ್ತು. ಹಾಗೆ ಹೇಳುವುದು 1368ರ ಬುಕ್ಕರಾಯನ ಶಾಸನ, ಅಂದರೆ ಶಕ 1290, ಕೀಲಕ ಸಂವತ್ಸರ. ಇತಿಹಾಸದ ಪಠ್ಯಪುಸ್ತಕಗಳಲ್ಲಿ ಧರ್ಮ ಸಮನ್ವಯದ ಉದಾಹರಣೆಯಾಗಿ ಬರುವುದು ಇದೇ. ಇದರ ಹೆಚ್ಚು ಪ್ರಸಿದ್ಧವಾದ ಪ್ರತಿ ಶ್ರವಣಬೆಳಗೊಳದಲ್ಲಿದೆ. ಇನ್ನೊಂದು ಪ್ರತಿ ಕಲ್ಯದ್ದು. ಬಿ.ಎಲ್. ರೈಸ್ 1905ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕಾದ 9ನೆಯ ಸಂಪುಟದಲ್ಲಿ ಅದಕ್ಕೆ ಮಾಗಡಿ 18 ಎಂದು ಸಂಖ್ಯೆ.

ಕಲ್ಯಕ್ಕೆ ಜೈನರ ನೆನಪು ಮಾತ್ರವಲ್ಲ, ವೀರಶೈವರ ನೆನಪೂ ಇದೆ. ಪಾಲ್ಕುರಿಕೆ ಸೋಮನಾಥ ಕೊನೆಗಾಲದಲ್ಲಿ ಇಲ್ಲಿಗೆ ಬಂದು ಐಕ್ಯನಾದ ಎಂದು ನಂಬಿದವರಿದ್ದಾರೆ. ಆ ದಿಕ್ಕಿಗೆ ಹೊರಟರೆ ಲೇಖನ ಬೇರೆಯೇ ಆಗುತ್ತದೆ.

ಶಾಸನದ ಹೂರಣ ಹೀಗಿದೆ. ಭವ್ಯರಿಗೆ, ಅಂದರೆ ಜೈನರಿಗೆ, ಭಕ್ತರಿಂದ, ಅಂದರೆ ಶ್ರೀವೈಷ್ಣವರಿಂದ ಅನ್ಯಾಯವಾಗುತ್ತಿದೆ ಎಂದು ಈ ನಾಲ್ಕು ಪಟ್ಟಣಗಳೂ ಸೇರಿದಂತೆ ನಾಡಿನ ಜೈನರು ಬುಕ್ಕರಾಯನಲ್ಲಿ ದೂರು ಕೊಟ್ಟರು. ರಾಯ ಶ್ರೀರಂಗ, ತಿರುಮಲೆ, ಕಂಚಿ, ಮೇಲುಕೋಟೆಗಳ ಆಚಾರ್ಯರನ್ನೂ ಹದಿನೆಂಟು ನಾಡಿನ ಶ್ರೀವೈಷ್ಣವರನ್ನೂ ಮುಂದಿಟ್ಟುಕೊಂಡು, ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟ. ಎರಡು ದರ್ಶನಗಳಿಗೂ ಭೇದವಿಲ್ಲ ಎಂದ. ಜೈನರಿಗೆ ಪಂಚಮಹಾವಾದ್ಯ, ಕಲಶಗಳ ಮರ್ಯಾದೆ ಹಿಂದಿನಂತೆಯೇ ಸಲ್ಲಬೇಕು ಎಂದ. ಪಠ್ಯಪುಸ್ತಕ ಸಾಮಾನ್ಯವಾಗಿ ಇಲ್ಲಿಗೆ ನಿಲ್ಲುತ್ತದೆ.

ನನಗೆ ರುಚಿಸಿದ್ದು ಮುಂದಿನ ಭಾಗ. ರಾಜ್ಯದ ಜೈನರ ಮನೆಗಳಿಂದ, ಬಾಗಿಲ ಲೆಕ್ಕದಲ್ಲಿ, ವರ್ಷಕ್ಕೆ ಒಂದು ಹಣದಂತೆ ಎತ್ತಬೇಕು. ಆ ದುಡ್ಡಿನಲ್ಲಿ ಬೆಳಗೊಳದ ದೇವರಿಗೆ ಇಪ್ಪತ್ತು ಜನ ಕಾವಲಿನವರನ್ನು ಇಡಬೇಕು. ಉಳಿದ ಹಣದಲ್ಲಿ ಹಾಳಾದ ಜಿನಾಲಯಗಳಿಗೆ ಸುಣ್ಣ ಹೊಡೆಸಬೇಕು. ಈ ವ್ಯವಸ್ಥೆ ನೋಡಿಕೊಳ್ಳುವವರು ತಿರುಮಲೆಯ ತಾತಯ್ಯ. (ಮಾಗಡಿಯಲ್ಲೇ ತಿರುಮಲೆ ಎಂಬ ಕಡೆ ರಂಗನಾಥಸ್ವಾಮಿ ದೇವಸ್ಥಾನ ಇದೆ. ಎಂ.ಎ. ಓದುವಾಗ ತಾತಯ್ಯ ಅಲ್ಲಿಯವರೇ ಎಂದು ಭಾವಿಸಿ, ತರಗತಿಯಲ್ಲಿ ಊರಿನ ಅಭಿಮಾನದಿಂದ ಹೇಳಿ ನಗೆಗೀಡಾಗಿದ್ದೆ. ಶಾಸನದ ತಿರುಮಲೆ ತಿರುಪತಿಯದು.) ಈ ಕಟ್ಟಳೆಯ ಕಲ್ಲನ್ನು ಶ್ರೀವೈಷ್ಣವರೇ ಎಲ್ಲ ಬಸದಿಗಳಲ್ಲಿ ನೆಡಿಸಬೇಕು. ಮೀರಿದವನು ರಾಜದ್ರೋಹಿ, ಸಂಘ ಸಮುದಾಯಗಳಿಗೂ ದ್ರೋಹಿ.

ಇದನ್ನು ಸಮನ್ವಯ ಎಂದಷ್ಟೇ ಕರೆದು ಕೈತೊಳೆದುಕೊಳ್ಳಲು ನನಗೆ ಇಷ್ಟವಿಲ್ಲ. ಅನ್ಯಾಯಕ್ಕೆ ಒಳಗಾದವರೇ ತಮ್ಮ ಕಾವಲಿಗೆ ಮನೆಗೊಂದು ಹಣ ಕೊಡಬೇಕು, ಕಾವಲಿನವರನ್ನು ನೇಮಿಸುವ ಅಧಿಕಾರ ಯಾರ ಮೇಲೆ ದೂರಿತ್ತೋ ಅವರ ಕೈಗೇ ಹೋಯಿತು. ಹಾಗಿದ್ದರೂ ಒಂದು ಮಾತು ಒಪ್ಪಬೇಕು. ನಿಯಮವಾಗಿ ಇದು ಪೂರ್ಣವಾಗಿದೆ. ದುಡ್ಡು ಎಲ್ಲಿಂದ, ಎಷ್ಟು, ಯಾರು ಎತ್ತಬೇಕು, ಯಾತಕ್ಕೆ ಖರ್ಚು, ಮಿಕ್ಕಿದ್ದು ಏನಾಗಬೇಕು, ತಪ್ಪಿದರೆ ಏನು ಎಂಬುದೆಲ್ಲ ಕಲ್ಲಿನಲ್ಲಿದೆ. ಬಲ ಇದ್ದವರು ಏನು ಮಾಡಬೇಕು ಎಂಬುದನ್ನೂ ಅದು ಬಿಡದೆ ಹೇಳುತ್ತದೆ.

ಈ ದೃಷ್ಟಿ ನನಗೆ ಪುಸ್ತಕದಿಂದ ಬಂದದ್ದಲ್ಲ. ಕಳೆದ ಕೆಲವು ವರ್ಷಗಳಲ್ಲಿ ನಾನು ಶಾಸನಗಳಿಗಿಂತ ಹೆಚ್ಚಾಗಿ ಓದಿದ್ದು ಯುಜಿಸಿಯ ನಿಯಮಾವಳಿಗಳನ್ನು.

ಕನ್ನಡದಲ್ಲಿ ಸಂಶೋಧನೆ ಶುರುವಾದದ್ದು ಪದವಿಗಾಗಿ ಅಲ್ಲ. ರೈಸ್ ಸರ್ಕಾರಿ ಕೆಲಸದ ನಡುವೆ ಶಾಸನ ಸಂಗ್ರಹಿಸಿದವರು. ಶ್ರವಣಬೆಳಗೊಳದ ಸಂಪುಟವನ್ನು ಪರಿಷ್ಕರಿಸಿ 1923ರಲ್ಲಿ ಹೊರತಂದ ಆರ್. ನರಸಿಂಹಾಚಾರ್ಯರು ಓದಿದ್ದು ಎಂ.ಎ. 'ಕರ್ನಾಟಕ ಕವಿಚರಿತೆ'ಯ ಮೂರು ಸಂಪುಟಗಳು ಯಾವ ಸಮಿತಿಯ ಮುಂದೆಯೂ ಅರ್ಧವಾರ್ಷಿಕ ಪ್ರಗತಿ ವರದಿ ಒಪ್ಪಿಸಲಿಲ್ಲ. ಕಿಟೆಲ್‌ಗೆ ಟ್ಯೂಬಿಂಗೆನ್ ವಿಶ್ವವಿದ್ಯಾಲಯ 1896ರಲ್ಲಿ ಡಾಕ್ಟರೇಟ್ ಕೊಟ್ಟಿತು, ಆದರೆ ನಿಘಂಟು ಅದಕ್ಕೂ ಮೊದಲೇ ಅಚ್ಚಾಗಿತ್ತು. ಕೆಲಸ ಮೊದಲು, ಪದವಿ ಆಮೇಲೆ.

ಮೈಸೂರು ವಿಶ್ವವಿದ್ಯಾಲಯ 1916ರಲ್ಲಿ ಹುಟ್ಟಿದ ಮೇಲೂ ಕನ್ನಡದ ಮೇಲಿನ ಡಾಕ್ಟರೇಟು ದೂರದ ಮಾತಾಗಿತ್ತು. ಎ.ಎನ್. ನರಸಿಂಹಯ್ಯನವರು ಕನ್ನಡದ ಅತ್ಯಂತ ಹಳೆಯ ಶಾಸನಗಳ ವ್ಯಾಕರಣದ ಮೇಲೆ ಪಿಎಚ್.ಡಿ. ಮಾಡಿದ್ದು ಲಂಡನ್ನಿನಲ್ಲಿ. ಅದು ಮೈಸೂರಿನಿಂದ 1941ರಲ್ಲಿ ಪುಸ್ತಕವಾಗಿ ಬಂತು, ಇಂಗ್ಲಿಷಿನಲ್ಲಿ. ಜಿ.ಎಸ್. ಗಾಯಿಯವರ ಹಳಗನ್ನಡ ವ್ಯಾಕರಣ 1946ರಲ್ಲಿ ಪುಣೆಯ ಡೆಕ್ಕನ್ ಕಾಲೇಜಿನಿಂದ ಬಂತು, ಅದೂ ಇಂಗ್ಲಿಷಿನಲ್ಲಿ. ಕನ್ನಡ ಕಲ್ಲಿನ ಬಗ್ಗೆ ಕನ್ನಡದಲ್ಲೇ ಬರೆದು ಡಾಕ್ಟರ್ ಆಗಬಹುದು ಎಂಬುದು ನನ್ನ ತಲೆಮಾರಿಗೆ ಸಹಜ ಎನ್ನಿಸುತ್ತದೆ. ಅದಕ್ಕೆ ದಾರಿ ಹಾಕಿದವರಲ್ಲಿ ಎಂ. ಚಿದಾನಂದಮೂರ್ತಿಯವರು ಮುಖ್ಯರು. ಅವರ 'ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ'ಕ್ಕೆ ಮೈಸೂರು ವಿಶ್ವವಿದ್ಯಾಲಯ 1964ರಲ್ಲಿ ಪಿಎಚ್.ಡಿ. ಕೊಟ್ಟಿತು. 1966ರಲ್ಲಿ ಪುಸ್ತಕವಾಯಿತು. ಅದರ ಕಾಲಮಿತಿ ಕ್ರಿ.ಶ. 450ರಿಂದ 1150, ಹಾಗಾಗಿ ನಮ್ಮ ಕಲ್ಯ ಅದರೊಳಗೆ ಬರುವುದಿಲ್ಲ. ಆದರೆ ಆ ಶೀರ್ಷಿಕೆ ಮಾತ್ರ ನಮ್ಮೆಲ್ಲರ ಮೇಲೂ ಬಂದು ಕೂತಿದೆ. ಯಾವುದೇ ಕನ್ನಡ ವಿಭಾಗದ ಪ್ರಬಂಧಗಳ ಕಪಾಟು ತೆಗೆಯಿರಿ, ಬೆನ್ನಿನ ಮೇಲೆ 'ಒಂದು ಸಾಂಸ್ಕೃತಿಕ ಅಧ್ಯಯನ' ಎಂಬುದು ಸಾಲಾಗಿ ಕಾಣುತ್ತದೆ. ನನ್ನದರಲ್ಲೂ ಇದೆ.

ಆಗೆಲ್ಲ ಪ್ರವೇಶದ ನಿಯಮ ಒಂದೊಂದು ವಿಶ್ವವಿದ್ಯಾಲಯಕ್ಕೆ ಒಂದೊಂದು. ಮುಖ್ಯವಾಗಿ ಬೇಕಾದದ್ದು ಮೇಷ್ಟ್ರ ಒಪ್ಪಿಗೆ. ಹಿರಿಯರು ಈಗಲೂ ಆ ಕಾಲವನ್ನು ಆಸೆಯಿಂದ ನೆನೆಯುತ್ತಾರೆ: ಮೇಷ್ಟ್ರ ಮನೆ ಜಗಲಿಯಲ್ಲಿ ಮಾತಾಡುತ್ತಾ ವಿಷಯ ಹೊಳೆಯುತ್ತಿತ್ತು, ಪರೀಕ್ಷೆಯ ಕಾಟವಿರಲಿಲ್ಲ ಎಂದು. ಆ ಜಗಲಿ ಹತ್ತಲು ಯಾರಿಗೆ ಧೈರ್ಯ ಇತ್ತು ಎಂದು ನಾನು ಕೇಳಿಕೊಳ್ಳುತ್ತೇನೆ. ನನ್ನಪ್ಪ ರಾಮನಗರದ ಬಳಿ ಹಿಪ್ಪುನೇರಳೆ ಹಾಕಿ ರೇಷ್ಮೆ ಹುಳು ಸಾಕುವವರು. ನಮ್ಮ ಮನೆಯಲ್ಲಿ ಯಾರಿಗೂ ಯಾವ ಪ್ರೊಫೆಸರರ ಪರಿಚಯವೂ ಇರಲಿಲ್ಲ. ನಾನು ಒಳಗೆ ಬಂದದ್ದು ಪ್ರವೇಶ ಪರೀಕ್ಷೆಯ ಅಂಕದಿಂದ. ಆದ್ದರಿಂದ ನಿಯಮವೇ ಕೆಟ್ಟದ್ದು ಎಂಬ ಮಾತಿಗೆ ನಾನು ತಲೆಯಾಡಿಸಲಾರೆ.

ಇಡೀ ದೇಶಕ್ಕೆ ಒಂದೇ ಕನಿಷ್ಠ ಕಟ್ಟಳೆ ಬಂದದ್ದು 2009ರಲ್ಲಿ. ಯುಜಿಸಿ ಪ್ರವೇಶ ಪರೀಕ್ಷೆಯನ್ನೂ ಕೋರ್ಸ್‌ವರ್ಕನ್ನೂ ಕಡ್ಡಾಯ ಮಾಡಿತು. ಪ್ರಬಂಧದ ವಿದ್ಯುನ್ಮಾನ ಪ್ರತಿ ಒಪ್ಪಿಸಬೇಕೆಂದೂ ಹೇಳಿತು. ಶೋಧಗಂಗಾದಲ್ಲಿ ನಾವು ಇಂದು ಬೇರೆಯವರ ಪ್ರಬಂಧ ತೆರೆದು ಓದಬಹುದಾದದ್ದು ಹೀಗೆ. ಎರಡನೆಯ ನಿಯಮಾವಳಿ 2016ರದು. ಅದರಲ್ಲಿ ಪ್ರವೇಶ ಪರೀಕ್ಷೆಯಲ್ಲಿ ಶೇ. 50 ಅಂಕ ಪಡೆದರೆ ಅರ್ಹತೆ ಸಿಕ್ಕಂತೆ, ಆದರೆ ಆಯ್ಕೆ ಮಾತ್ರ ಸಂದರ್ಶನದಿಂದ. ಬರವಣಿಗೆಯಲ್ಲಿ ಗೆದ್ದವರನ್ನು ಮೌಖಿಕದಲ್ಲಿ ಬೀಳಿಸಬಹುದಾದ ಈ ಬಾಗಿಲಿನ ಬಗ್ಗೆ ದೊಡ್ಡ ಗಲಾಟೆಯಾಯಿತು. ಒಬ್ಬ ಮಾರ್ಗದರ್ಶಕರಿಗೆ ಇಷ್ಟೇ ವಿದ್ಯಾರ್ಥಿಗಳು ಎಂಬ ಮಿತಿ ಸೇರಿ ದೆಹಲಿಯ ಜೆಎನ್‌ಯುನಲ್ಲಿ 2017ರಲ್ಲಿ ಸಂಶೋಧನಾ ಸೀಟುಗಳು ತೀರಾ ಕುಗ್ಗಿದವು. ಆಮೇಲೆ 2018ರ ತಿದ್ದುಪಡಿಯಲ್ಲಿ ಪರೀಕ್ಷೆಗೆ 70, ಸಂದರ್ಶನಕ್ಕೆ 30 ಎಂದಾಯಿತು. ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗದವರಿಗೂ ಅಂಗವಿಕಲರಿಗೂ ಪ್ರವೇಶ ಪರೀಕ್ಷೆಯಲ್ಲಿ ಶೇ. 5ರ ರಿಯಾಯಿತಿ ಬಂತು. ಗಲಾಟೆ ಮಾಡಿದವರು ಯಾರೋ, ಅದರ ಫಲ ಉಂಡವಳು ನಾನು.

ಮೂರನೆಯದು 2022ರ ನವೆಂಬರಿನದು. ಎಂ.ಫಿಲ್. ಹೋಯಿತು. ನಾಲ್ಕು ವರ್ಷದ ಪದವಿಯಲ್ಲಿ ಶೇ. 75 ಪಡೆದವರು ಎಂ.ಎ. ಮಾಡದೆಯೂ ನೇರ ಬರಬಹುದು. ಪ್ರೊಫೆಸರರಿಗೆ 8, ಸಹ ಪ್ರಾಧ್ಯಾಪಕರಿಗೆ 6, ಸಹಾಯಕ ಪ್ರಾಧ್ಯಾಪಕರಿಗೆ 4 ವಿದ್ಯಾರ್ಥಿಗಳು. ನಿವೃತ್ತಿಗೆ ಮೂರು ವರ್ಷದೊಳಗೆ ಇರುವವರು ಹೊಸಬರನ್ನು ತೆಗೆದುಕೊಳ್ಳುವಂತಿಲ್ಲ. ನೇಮಕಾತಿಯೇ ಸರಿಯಾಗಿ ಆಗದ ಕನ್ನಡ ವಿಭಾಗಗಳಲ್ಲಿ ಈ ಕೊನೆಯ ವಾಕ್ಯ ಏನು ಮಾಡುತ್ತದೆಂದು ವಿವರಿಸಬೇಕಿಲ್ಲ. ಸೀಟು ಇರುತ್ತದೆ, ಮೇಷ್ಟ್ರಿರುವುದಿಲ್ಲ. ಇನ್ನು 2024ರ ಜೂನ್ ಸುತ್ತಿನಿಂದ ಪಿಎಚ್.ಡಿ. ಪ್ರವೇಶಕ್ಕೂ ನೆಟ್ ಅಂಕ ಬಳಸಬಹುದು ಎಂದಾಯಿತು. ಆ ಜೂನ್ 18ರಂದು ನಡೆದ ಪರೀಕ್ಷೆ ಮರುದಿನವೇ ರದ್ದಾಯಿತು. ಬೇರೆ ಬೇರೆ ಬಾಗಿಲು ಮುಚ್ಚಿ ಒಂದೇ ಬಾಗಿಲಿಟ್ಟರೆ, ಅದು ಕೆಟ್ಟ ದಿನ ಎಲ್ಲರೂ ಹೊರಗೇ.

ನಾನು ನೋಂದಣಿಯಾದದ್ದು 2021ರಲ್ಲಿ, ಹಾಗಾಗಿ 2016ರ ಕಟ್ಟಳೆಯವಳು. ನನಗೆ ಪ್ರಬಂಧ ಒಪ್ಪಿಸುವ ಮೊದಲು ಒಂದು ಸಂಶೋಧನಾ ಲೇಖನ ಪ್ರಕಟವಾಗಿರಬೇಕು, ಎರಡು ವಿಚಾರ ಸಂಕಿರಣದಲ್ಲಿ ಪ್ರಬಂಧ ಮಂಡಿಸಿರಬೇಕು. ಪಕ್ಕದ ಮೇಜಿನಲ್ಲಿ ಕೂರುವ ಹುಡುಗ 2023ರವನು, ಅವನಿಗೆ ಯುಜಿಸಿಯ ಈ ಕಡ್ಡಾಯ ಇಲ್ಲ. ಒಂದೇ ಕೋಣೆ, ಒಂದೇ ಫ್ಯಾನು, ಎರಡು ಕಾನೂನು. ದುಡ್ಡು ಕೊಟ್ಟರೆ ವಾರದಲ್ಲಿ ಅಚ್ಚು ಹಾಕುವ ಪತ್ರಿಕೆಗಳ ಮೆಸೇಜು ಮಾತ್ರ ಇಬ್ಬರ ಮೊಬೈಲಿಗೂ ಬರುತ್ತದೆ.

ಶೀರ್ಷಿಕೆಯದು ಇನ್ನೊಂದು ಕಥೆ. ನೋಂದಣಿಯಾಗುವಾಗ ಕೊಟ್ಟ ಶೀರ್ಷಿಕೆಯಲ್ಲಿ 'ರಾಮನಗರ ಜಿಲ್ಲೆ' ಎಂದಿದೆ. ರೈಸ್ ಕಾಲಕ್ಕೆ ಮಾಗಡಿ ಇದ್ದದ್ದು ಬೆಂಗಳೂರು ಜಿಲ್ಲೆಯಲ್ಲಿ. 1986ರಲ್ಲಿ ಬೆಂಗಳೂರು ಗ್ರಾಮಾಂತರಕ್ಕೆ ಹೋಯಿತು, 2007ರಲ್ಲಿ ರಾಮನಗರಕ್ಕೆ ಬಂತು. 2025ರಲ್ಲಿ ಸರ್ಕಾರ ಆ ಜಿಲ್ಲೆಯನ್ನೇ ಬೆಂಗಳೂರು ದಕ್ಷಿಣ ಎಂದು ಕರೆಯಿತು. ಶೀರ್ಷಿಕೆಯಲ್ಲಿ ಒಂದು ಪದ ಬದಲಾಗಬೇಕಾದರೂ ಸಮಿತಿಯ ಒಪ್ಪಿಗೆ ಬೇಕು. ಕಚೇರಿಯಲ್ಲಿ ಕೇಳಿದೆ. "ಜಿಲ್ಲೆ ಹೆಸರು ಬದಲಾಗಿದ್ದಕ್ಕೆ ಗೆಜೆಟ್ ಪ್ರತಿ ಲಗತ್ತಿಸಿ" ಎಂದರು. ಕಲ್ಲೇಹ ಕಲ್ಯವಾದದ್ದಕ್ಕೆ ಯಾರೂ ಗೆಜೆಟ್ ಕೇಳಲಿಲ್ಲ, ಅದೊಂದು ಪುಣ್ಯ.

ಕೃತಿಚೌರ್ಯದ ನಿಯಮ 2018ರದು. ಬೇರೆಯವರ ಬರಹದ ಜೊತೆ ಹೋಲಿಕೆ ಶೇ. 10ರವರೆಗೆ ಇದ್ದರೆ ತೊಂದರೆಯಿಲ್ಲ, 40ರವರೆಗೆ ತಿದ್ದಿ ಆರು ತಿಂಗಳೊಳಗೆ ಮತ್ತೆ ಕೊಡಬೇಕು, 60ರವರೆಗೆ ಒಂದು ವರ್ಷ ತಡೆ, ಅದಕ್ಕೂ ಮೇಲಾದರೆ ನೋಂದಣಿಯೇ ರದ್ದು. ಒಳ್ಳೆಯ ನಿಯಮವೇ. ಆದರೆ ಅದನ್ನು ಅಳೆಯುವ ತಂತ್ರಾಂಶಕ್ಕೆ ನಮ್ಮ ಅಕ್ಷರ ಗೊತ್ತಿರಬೇಕಲ್ಲ. ಹಳೆಯ ನುಡಿ ಫಾಂಟಿನಲ್ಲಿ ಬೆರಳಚ್ಚು ಮಾಡಿದ ಪ್ರಬಂಧ ಯಂತ್ರದ ಕಣ್ಣಿಗೆ ಕನ್ನಡವೇ ಅಲ್ಲ, ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಇಡೀ ಪುಸ್ತಕ ಎತ್ತಿ ಬರೆದರೂ ಅದರ ಲೆಕ್ಕದಲ್ಲಿ ಹೋಲಿಕೆ ಸೊನ್ನೆ. ಯೂನಿಕೋಡಿನಲ್ಲಿ ನಿಷ್ಠೆಯಿಂದ ಬೆರಳಚ್ಚು ಮಾಡಿದ ನನ್ನ ಅಧ್ಯಾಯದಲ್ಲಿ ಮಾತ್ರ ಅದು ಶಾಸನಪಾಠವನ್ನು ಹಿಡಿದು ಕೆಂಪು ಬಳಿಯಿತು. ಉಲ್ಲೇಖಗಳನ್ನು ಲೆಕ್ಕದಿಂದ ಬಿಡಬೇಕೆಂದು ನಿಯಮದಲ್ಲೇ ಇದೆ. ಅದನ್ನು ತೋರಿಸಿ, ಕೆಂಪು ಅಳಿಸಿಕೊಳ್ಳಲು ಮೂರು ಸಲ ಓಡಾಡಿದೆ. ಬುಕ್ಕರಾಯನ ಆಜ್ಞೆಯನ್ನು ನನ್ನ ಸ್ವಂತ ಮಾತಿನಲ್ಲಿ ಬರೆಯಿರಿ ಎಂದು ಒಬ್ಬರು ಸಲಹೆ ಕೊಟ್ಟಿದ್ದರು.

ಪ್ರತಿ ಆರು ತಿಂಗಳಿಗೊಮ್ಮೆ ಸಲಹಾ ಸಮಿತಿಯ ಮುಂದೆ ನಿಂತು ಕೆಲಸದ ವರದಿ ಕೊಡಬೇಕು. ರೇಷ್ಮೆ ಹುಳು ಗೂಡು ಕಟ್ಟುವ ಮೊದಲು ನಾಲ್ಕು ಸಲ ಮೇವು ಬಿಟ್ಟು ಮಂಕಾಗಿ ಮಲಗುತ್ತದೆ, ಪೊರೆ ಕಳಚಿ ಏಳುತ್ತದೆ. ನಮ್ಮ ಕಡೆ ಅದಕ್ಕೆ ಜ್ವರ ಎನ್ನುತ್ತಾರೆ. ವರದಿಯ ಹಿಂದಿನ ದಿನ ನಾನು ಊಟ ಬಿಟ್ಟು ಕೂತಾಗಲೆಲ್ಲ ಅಮ್ಮ ಫೋನಿನಲ್ಲಿ ಕೇಳುತ್ತಾಳೆ, "ಇದು ಎಷ್ಟನೇ ಜ್ವರವೇ? ಹುಳಕ್ಕಾದ್ರೆ ನಾಲ್ಕಕ್ಕೆ ಮುಗೀತದೆ." ಒಂಬತ್ತನೆಯದು, ಅಮ್ಮ.

ವರದಿ ತೃಪ್ತಿಕರವಲ್ಲದಿದ್ದರೆ ಸಮಿತಿ ಸರಿಪಡಿಸುವ ದಾರಿ ಹೇಳುತ್ತದೆ, ಆಗಲೂ ಆಗದಿದ್ದರೆ ನೋಂದಣಿ ರದ್ದು ಮಾಡಲು ಶಿಫಾರಸು ಮಾಡಬಹುದು. ಕಲ್ಯದ ಅಜ್ಜರಿಗೆ ನಾನು ಹೇಳದೇ ಬಿಟ್ಟದ್ದು ಇಂಥದ್ದನ್ನೇ. ಈಗ ಅದೇ ನಿಯಮಾವಳಿಯ ಇನ್ನೊಂದು ಮಗ್ಗುಲು ನೋಡಿ. ಪ್ರಬಂಧ ಒಪ್ಪಿಸಿದ ಆರು ತಿಂಗಳೊಳಗೆ ಮೌಲ್ಯಮಾಪನದ ಇಡೀ ಪ್ರಕ್ರಿಯೆ ಮುಗಿಯುವಂತೆ ವಿಶ್ವವಿದ್ಯಾಲಯ ಸೂಕ್ತ ಕ್ರಮ ರೂಪಿಸಿಕೊಳ್ಳಬೇಕು ಎಂದಿದೆ. ಮುಗಿಯದಿದ್ದರೆ? ಆ ಸಾಲು ಮುಂದಕ್ಕೆ ಹೋಗುವುದಿಲ್ಲ. ನನ್ನ ಹಿರಿಯ ಗೆಳತಿಯೊಬ್ಬಳು ಪ್ರಬಂಧ ಒಪ್ಪಿಸಿ ಎರಡು ವರ್ಷ ಮೌಖಿಕ ಪರೀಕ್ಷೆಗೆ ಕಾದಳು. ಅಷ್ಟರಲ್ಲಿ ಅವಳು ಅರ್ಜಿ ಹಾಕಿದ್ದ ಕೆಲಸದ ವಯೋಮಿತಿ ದಾಟಿತ್ತು. ನಿಯಮಾವಳಿಯಲ್ಲಿ ಅವಳ ತಡಕ್ಕೆ ಶಿಕ್ಷೆ ಇತ್ತು, ಅವಳಿಗೆ ಆದ ತಡಕ್ಕೆ ಯಾರೂ ಹೊಣೆಯಿರಲಿಲ್ಲ.

ಬುಕ್ಕರಾಯನ ಆಜ್ಞೆಯ ಪಕ್ಕದಲ್ಲಿ ನಮ್ಮ ನಿಯಮಾವಳಿ ತೆಳ್ಳಗೆ ಕಾಣುವುದು ಇಲ್ಲಿ. ಅಲ್ಲಿ ತಪ್ಪಿದವನು ತಪಸ್ವಿಯಾಗಲಿ, ಊರಿನ ಮುಖ್ಯಸ್ಥನಾಗಲಿ, ಗಂಗೆಯ ತಡಿಯಲ್ಲಿ ಗೋವನ್ನೂ ಬ್ರಾಹ್ಮಣನನ್ನೂ ಕೊಂದ ಪಾಪಕ್ಕೆ ಹೋಗುತ್ತಾನೆ. ಶಾಪದಿಂದ ಎಷ್ಟು ಕೆಲಸ ಆಗುತ್ತಿತ್ತೋ, ನನಗೆ ಸಂಶಯ. ಆದರೆ ಶಾಪ ಹಾಕುವಾಗ ಮೇಲಿನವರನ್ನು ಬಿಟ್ಟಿರಲಿಲ್ಲ.

ಬೆಳಗೊಳದ ಪ್ರತಿಯ ಕೊನೆಯಲ್ಲಿ ಇನ್ನೊಂದು ಸೇರಿಕೆ ಇದೆ. ಕಲ್ಲೇಹದ ಹರ್ವಿ ಸೆಟ್ಟಿಯ ಮಗ ಬುಸುವಿ ಸೆಟ್ಟಿ ಬುಕ್ಕರಾಯನಿಗೆ ಬಿನ್ನಹ ಮಾಡಿ, ತಿರುಮಲೆಯ ತಾತಯ್ಯನನ್ನು ಬರಮಾಡಿಕೊಂಡು ಜೀರ್ಣೋದ್ಧಾರ ಮಾಡಿಸಿದ. ಎರಡೂ ಸಮಯದವರು ಕೂಡಿ ಅವನಿಗೆ ಸಂಘನಾಯಕ ಎಂಬ ಪಟ್ಟ ಕೊಟ್ಟರು. ಸಮನ್ವಯದ ಕೀರ್ತಿಯೆಲ್ಲ ಬುಕ್ಕನಿಗೆ ಹೋಗಿದೆ. ನಾಲ್ಕು ಪಟ್ಟಣಗಳ ದೂರುದಾರರಲ್ಲಿ ಹೆಸರು ಉಳಿದದ್ದು ನಮ್ಮ ಕಲ್ಯದ ಈ ಸೆಟ್ಟಿಯದು. ಊರಿಂದ ರಾಯನ ಬಳಿಗೆ ಎಷ್ಟು ಸಲ ಅಲೆದನೋ, ಎಷ್ಟು ಬಾಗಿಲಲ್ಲಿ ಕಾದನೋ, ಕಲ್ಲು ಹೇಳುವುದಿಲ್ಲ. ನನ್ನ ಪ್ರಬಂಧದ ನಾಲ್ಕನೆಯ ಅಧ್ಯಾಯವನ್ನು ಈಗ ಅವನ ಕಡೆಯಿಂದ ಮತ್ತೆ ಬರೆಯುತ್ತಿದ್ದೇನೆ. ಮಾರ್ಗದರ್ಶಕರು, "ಆಧಾರ ಎರಡೇ ಸಾಲು ಇದೆಯಲ್ಲಮ್ಮ" ಎಂದರು. ಬೇಡ ಎನ್ನಲಿಲ್ಲ.

ಕಲ್ಯದಿಂದ ಬಂದ ವಾರ ನಾವು ನಾಲ್ವರು ಸೇರಿ ಒಂದು ಅರ್ಜಿ ಬರೆದೆವು. ಕ್ಷೇತ್ರಕಾರ್ಯದ ದಿನಗಳನ್ನು ಹಾಜರಿಯಾಗಿ ಪರಿಗಣಿಸಬೇಕು, ಅನುಮತಿ ಮೂರು ದಿನದೊಳಗೆ ಸಿಗಬೇಕು, ಸಿಗದಿದ್ದರೆ ಸಿಕ್ಕಿತೆಂದೇ ತಿಳಿಯಬೇಕು. ಕೊನೆಯ ವಾಕ್ಯ ನನ್ನದು. ಇದು ಒರಟಾಯಿತು ಎಂದು ಒಬ್ಬ ಗೆಳೆಯ ಹೊಡೆದುಹಾಕಿದ್ದ, ನಾನು ಮತ್ತೆ ಸೇರಿಸಿದೆ. ಕಚೇರಿಯ ಗುಮಾಸ್ತರು ಅರ್ಜಿಯನ್ನು ಮೇಲಿಂದ ಕೆಳಗೆ ಓದಿ, ಕನ್ನಡಕ ತೆಗೆದು, "ನಾಲ್ಕು ಜನರ ಹೆಸರಲ್ಲಿ ಫೈಲ್ ತೆಗೆಯೋಕೆ ಬರಲ್ಲ. ಅರ್ಜಿದಾರರು ಯಾರು ಅಂತ ಒಂದು ಹೆಸರು ಹೇಳಿ" ಎಂದರು.

ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ನನ್ನ ಹೆಸರು ಬರೆದುಕೊಳ್ಳಿ ಎಂದೆ.